ನನಗೆ ಮಾತ್ರ ಕಂಡ ಐದು

ರೈಲ್ವೆ ಗಾರ್ಡ್ ನೌಕರಿಯ ಲಿಖಿತ ಪರೀಕ್ಷೆಯಲ್ಲಿ ನಾನು ಪಾಸಾದ ದಿನ ಗರಗದ ನಮ್ಮ ಓಣಿಯಲ್ಲಿ ಅವ್ವ ಪೇಢೆ ಹಂಚಿದಳು. ಯಾರ ಮನೆಗೂ ತಪ್ಪಬಾರದೆಂದು ಒಂದೊಂದನ್ನೂ ಮುರಿದು ಅರ್ಧರ್ಧ ಮಾಡಿದ್ದಳು. ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದವನು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ಅಪ್ಪ ನಾನು ಚಿಕ್ಕವನಿದ್ದಾಗಲೇ ತೀರಿಹೋದ. ಅವ್ವ ಖಾದಿ ಕೇಂದ್ರದಲ್ಲಿ ನೂಲು ತೆಗೆದು ನನ್ನನ್ನು ಸಾಲಿಗೆ ಹಾಕಿದಳು, ಸಾಲಿ ಮುಗಿದ ಮೇಲೂ ಓದು ಬಿಡಿಸಲಿಲ್ಲ. ಬಿಡಿಸು ಎಂದು ಹೇಳಿದವರು ಬಹಳ ಜನ ಇದ್ದರು. ಗರಗದಿಂದ ಬಸ್ಸಿನ ಬಾಗಿಲಿಗೆ ಜೋತುಬಿದ್ದು ಧಾರವಾಡಕ್ಕೆ ಬಂದು ಬಿ.ಎ. ಮಾಡಿದೆ. ತತ್ವಶಾಸ್ತ್ರ ತೆಗೆದುಕೊಂಡದ್ದು ಪ್ರೀತಿಯಿಂದೇನಲ್ಲ, ಸೀಟು ಉಳಿದಿದ್ದದ್ದು ಅದರಲ್ಲೇ. ಪ್ರೀತಿ ಆಮೇಲೆ ಹುಟ್ಟಿತು.

ಉಳಿದಿದ್ದದ್ದು ವೈದ್ಯಕೀಯ ತಪಾಸಣೆ. ಅದನ್ನು ಯಾರೂ ಪರೀಕ್ಷೆಯೆಂದು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ.

ಸಪ್ತಾಪುರದಲ್ಲಿ ನಾನು ಬಾಡಿಗೆಗಿದ್ದ ಖೋಲಿಯಲ್ಲಿ ನನ್ನ ಜೊತೆ ನವಲಗುಂದ ಕಡೆಯ ಒಬ್ಬ ಗೆಳೆಯನಿದ್ದ. ಪೊಲೀಸ್ ಸಬ್‌ಇನ್‌ಸ್ಪೆಕ್ಟರ್ ಪರೀಕ್ಷೆಗೆ ಓದುತ್ತಿದ್ದ. ಆ ಭಾಗದ ಖೋಲಿಗಳ ತುಂಬ ನಮ್ಮಂಥವರೇ. ಕೋಚಿಂಗ್ ಕ್ಲಾಸು, ಖಾನಾವಳಿ, ಮತ್ತೆ ಕ್ಲಾಸು. ಹಳೆಯ ಪ್ರಶ್ನೆಪತ್ರಿಕೆಗಳನ್ನು ಉತ್ತರಸಮೇತ ಬಾಯಿಪಾಠ ಮಾಡುವುದೇ ನಮ್ಮ ಕಸುಬು. ಪ್ರಶ್ನೆಯ ಮೊದಲ ನಾಲ್ಕು ಶಬ್ದ ಕೇಳಿದರೆ ಸಾಕು, ಉತ್ತರ ಬಿ ಎಂದು ಹೇಳುವಷ್ಟು ತಯಾರಾಗಿರುತ್ತಿದ್ದೆವು.

"ಮೆಡಿಕಲ್ ಅಂದ್ರ ಏನಲೇ," ಎಂದ ಗೆಳೆಯ, "ಎದಿ ಉಬ್ಬಿಸೂದು, ನಾಲಿಗಿ ತಗಿಯೂದು. ಆದ್ರ ಗಾರ್ಡಿಗೆ ಕಣ್ಣಿಂದ ಮಾತ್ರ ಖಡಕ್ ಇರತೈತಂತ. ಕೆಂಪು ಹಸರು ದೂರಿಂದ ತಿಳೀಬೇಕಲ್ಲ. ಚುಕ್ಕಿ ಪುಸ್ತಕ ತೋರಸ್ತಾರಂತ, ನೋಡ ಇಲ್ಲಿ."

ಮೊಬೈಲ್ ಮುಂದೆ ಹಿಡಿದ. ಬಣ್ಣ ಬಣ್ಣದ ಚುಕ್ಕಿಗಳು ತುಂಬಿದ ಒಂದು ಗುಂಡನೆಯ ಚಿತ್ರ. ಚುಕ್ಕಿಗಳ ನಡುವೆ ಒಂದು ಸಂಖ್ಯೆ ಇರುತ್ತದೆ, ಅದನ್ನು ಓದಬೇಕು.

"ಇಪ್ಪತ್ತೊಂದು," ಎಂದೆ.

"ಚ್ಯಾಷ್ಟಿ ಮಾಡಬ್ಯಾಡಲೇ. ಎಪ್ಪತ್ನಾಕು."

ಮುಂದಿನ ಚಿತ್ರದಲ್ಲಿ ನನಗೆ ಬರೀ ಚುಕ್ಕಿ. ಅದರ ಮುಂದಿನದರಲ್ಲೂ ಚುಕ್ಕಿಯೇ. ಪಕ್ಕದ ಖೋಲಿಯ ಹುಡುಗರಿಬ್ಬರು ಬಂದು ಹೆಗಲ ಮೇಲಿಂದ ಬಗ್ಗಿ ಸಂಖ್ಯೆಗಳನ್ನು ಪಟಪಟನೆ ಹೇಳತೊಡಗಿದರು. ನಾನು ನಕ್ಕೆ. ಮೂವರೂ ಕೂಡಿ ನನ್ನನ್ನು ಆಟ ಆಡಿಸುತ್ತಿದ್ದಾರೆ ಎಂದೇ ನಂಬಿದ್ದೆ. ನಮ್ಮ ಖೋಲಿಗಳಲ್ಲಿ ಅಂಥದ್ದು ನಡೆಯುತ್ತಿತ್ತು. ಒಬ್ಬನಿಗೆ ಫಲಿತಾಂಶ ಬಂದಿದೆ ಎಂದು ಸುಳ್ಳು ಹೇಳಿ ಚಹಾ ಕುಡಿಸಿಕೊಂಡವರು ಅವರು. ಮೊಬೈಲ್ ಕಸಿದುಕೊಂಡು ಕೆಳಗೆ ಖಾನಾವಳಿಗೆ ಇಳಿದೆ. ಖಾನಾವಳಿಯ ಕಾಕು ರೊಟ್ಟಿ ಬಡಿಯುತ್ತಿದ್ದಳು. ಹಿಟ್ಟಿನ ಕೈ ಹಾಗೇ ಇಟ್ಟುಕೊಂಡು ಕತ್ತು ಚಾಚಿದಳು.

"ಎಪ್ಪತ್ನಾಕು," ಎಂದಳು. "ಯಾಕೋ, ಲಾಟ್ರಿ ನಂಬರ ಏನು?"

ನನ್ನ ಕಿವಿ ಬಿಸಿಯಾದದ್ದು ಆಗ. ಕಾಕುವಿಗೆ ನನ್ನನ್ನು ಆಟ ಆಡಿಸುವ ತೀಟೆ ಇರಲಿಲ್ಲ.

ಮೇಲೆ ಬಂದಾಗ ಯಾರೂ ನಗುತ್ತಿರಲಿಲ್ಲ. ಗೆಳೆಯ ಮೊಬೈಲ್ ತೆಗೆದುಕೊಂಡು ಮುಂದಿನ ಚಿತ್ರಗಳನ್ನು ಒಂದೊಂದಾಗಿ ತೋರಿಸಿದ. ಇಲ್ಲ, ಇಲ್ಲ, ಇಲ್ಲ ಎನ್ನುತ್ತಾ ಹೋದೆ. ಅಷ್ಟರಲ್ಲಿ ಒಂದು ಚಿತ್ರ ಬಂತು. ಅದರ ನಡುವೆ ಐದು ಎಂಬ ಸಂಖ್ಯೆ ಸಾಲಿ ಮಾಸ್ತರರು ಹಲಗೆಯ ಮೇಲೆ ಬರೆದಂತೆ ಸ್ಪಷ್ಟವಾಗಿ ನಿಂತಿತ್ತು.

"ಐದು," ಎಂದೆ. ಜೀವ ಬಂದಂತಾಗಿತ್ತು.

ಗೆಳೆಯ ಚಿತ್ರವನ್ನು ನೋಡಿದ. ಹುಡುಗರನ್ನು ನೋಡಿದ. "ಎಲ್ಲೈತಲೇ?"

"ಕಾಣಾಕತ್ತಿಲ್ಲೇನು? ಇಲ್ಲಿ." ಬೆರಳಿನಿಂದ ಗೆರೆ ಎಳೆದು ತೋರಿಸಿದೆ. ಮೂವರೂ ಮೊಬೈಲನ್ನು ಹತ್ತಿರ ಹಿಡಿದರು, ದೂರ ಹಿಡಿದರು, ಬೆಳಕಿಗೆ ತಿರುಗಿಸಿದರು. ಯಾರಿಗೂ ಕಾಣಲಿಲ್ಲ. ಕ್ಷಣಹೊತ್ತು ನಾನೇ ಅವರ ಮೇಲಿನವನಾಗಿದ್ದೆ. ಆಮೇಲೆ ಗೆಳೆಯ ಚಿತ್ರದ ಕೆಳಗಿದ್ದದ್ದನ್ನು ಓದಿ ಮೆಲ್ಲಗೆ ಹೇಳಿದ. ಕಣ್ಣು ಸರಿ ಇದ್ದವರಿಗೆ ಇದರಲ್ಲಿ ಏನೂ ಕಾಣುವುದಿಲ್ಲ. ಕೆಂಪು ಹಸಿರು ತಿಳಿಯದವರಿಗೆ ಮಾತ್ರ ಐದು ಕಾಣುತ್ತದೆ. ಅಂಥವರನ್ನು ಹಿಡಿಯಲೆಂದೇ ಮಾಡಿದ ಚಿತ್ರ ಅದು.

ಇದ್ದದ್ದು ಕಾಣದಿದ್ದರೆ ಅದು ದೋಷ, ಒಪ್ಪಿದೆ. ಇದ್ದದ್ದು ಕಂಡರೂ ದೋಷವೇ? ಆ ಐದು ಎಲ್ಲಿತ್ತು? ನನ್ನ ತಲೆಯಲ್ಲಿ ಹುಟ್ಟಿದ್ದಾಗಿದ್ದರೆ ನನ್ನಂಥವರಿಗೆಲ್ಲ ಅದೇ ಐದು ಹೇಗೆ ಕಾಣಬೇಕು? ಚಿತ್ರದಲ್ಲೇ ಇದ್ದದ್ದಾಗಿದ್ದರೆ ಆ ಮೂವರಿಗೆ ಯಾಕೆ ಕಾಣಲಿಲ್ಲ?

ನಿದ್ದೆ ಬರಲಿಲ್ಲ ಎಂದೇನೂ ಬರೆಯುವುದಿಲ್ಲ, ದಣಿದವನಿಗೆ ನಿದ್ದೆ ಬರುತ್ತದೆ. ಆದರೆ ಮರುದಿನದಿಂದ ನಾನು ನಡೆಯುವ ದಾರಿ ಬೇರೆಯಾಯಿತು. ಪ್ರತಿಯೊಂದರ ಮುಂದೂ ನಿಂತು ಇದರ ಬಣ್ಣ ನನಗೆ ಕಂಡು ಗೊತ್ತೋ, ಕೇಳಿ ಗೊತ್ತೋ ಎಂದು ತನಿಖೆ ಶುರುವಾಯಿತು. ಹುಲ್ಲು ಹಸಿರು ಎಂದು ಸಾಲಿಯಲ್ಲಿ ಹೇಳಿದ್ದರು. ಕುಂಕುಮ ಕೆಂಪು ಎಂದು ಅವ್ವ ಹೇಳಿದ್ದಳು. ಹೀಗೆ ಒಂದೊಂದನ್ನೂ ಕೇಳಿ ಕಲಿತು ಇಷ್ಟು ವರ್ಷ ತಪ್ಪಿಲ್ಲದೆ ಮಾತಾಡಿದ್ದೆ. ಮನೆಯಲ್ಲಿ ಯಾರಿಗೂ ಗೊತ್ತಾಗದಿದ್ದುದಕ್ಕೂ ಕಾರಣವಿದೆ. ನಮ್ಮ ಮನೆಯ ನೂಲೆಲ್ಲ ಬಿಳಿ. ಉಪ್ಪಿನಬೆಟಗೇರಿಯಲ್ಲಿ ಸಂಬಂಧಿಕರ ಹೊಲದಲ್ಲಿ ಮೆಣಸಿನಕಾಯಿ ಬಿಡಿಸಲು ಹೋದಾಗ ಮಾತ್ರ ಬೈಸಿಕೊಳ್ಳುತ್ತಿದ್ದೆ. ಹಣ್ಣಾದ ಕಾಯಿ ಬೆರಳಿಗೆ ಸ್ವಲ್ಪ ಮೆತ್ತಗೆ ತಾಗುತ್ತದೆ, ನಾನು ಹಾಗೆ ಮುಟ್ಟಿ ಮುಟ್ಟಿ ಬಿಡಿಸುತ್ತಿದ್ದೆ. ಅವಸರ ಮಾಡಿದರೆ ಹಸಿಕಾಯಿಯೂ ಬುಟ್ಟಿಗೆ ಬೀಳುತ್ತಿತ್ತು. "ಲಕ್ಷ್ಯ ಎಲ್ಲಿರತೈತಿ ನಿಂದು," ಎಂದು ಅವ್ವ ಗದರುತ್ತಿದ್ದಳು. ಲಕ್ಷ್ಯ ಕಾಯಿಯ ಮೇಲೆಯೇ ಇತ್ತು. ಉಳಿದವರು ಮುಟ್ಟದೆ ಹೇಗೆ ಬಿಡಿಸುತ್ತಾರೆ ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ. ರೂಢಿ ಎಂದುಕೊಂಡಿದ್ದೆ.

ಕಾಲೇಜಿನಲ್ಲಿ ನಮಗೆ ತತ್ವಶಾಸ್ತ್ರ ಕಲಿಸಿದ ಸರ್ ನಿವೃತ್ತರಾಗಿ ಮಾಳಮಡ್ಡಿಯಲ್ಲಿದ್ದರು. ಅಲ್ಲಿಗೆ ಹೋದೆ. ಮನಸ್ಸಿನ ಹೊರಗೆ ವಸ್ತು ಇದ್ದ ಹಾಗೇ ನಮಗೆ ತಿಳಿಯುತ್ತದೆಯೋ ಇಲ್ಲವೋ ಎಂಬ ಪ್ರಶ್ನೆ ಅಂತಿಮ ವರ್ಷದಲ್ಲಿ ಬಂದಿತ್ತು. ತಿಳಿಯುತ್ತದೆ ಎನ್ನುವವರ ವಾದ ಒಂದು ಪುಟ, ಇಲ್ಲ ಎನ್ನುವವರ ವಾದ ಒಂದು ಪುಟ, ಕೊನೆಗೆ ಎರಡು ಸಾಲಿನ ಸಮನ್ವಯ. ಬಾಯಿಪಾಠ ಮಾಡಿ ಬರೆದಿದ್ದೆ, ಒಳ್ಳೆಯ ಅಂಕ ಬಂದಿತ್ತು.

ಸರ್ ಪಡಸಾಲೆಯಲ್ಲಿ ಅಡಿಕೆ ಕತ್ತರಿಸುತ್ತಾ ಕೂತಿದ್ದರು. ಎಲ್ಲ ಹೇಳಿದೆ. ಹೇಳಿ ಕೇಳಿದೆ: "ಸರ್, ಬಣ್ಣ ಅನ್ನೂದು ಖರೇನ ವಸ್ತುವಿನ್ಯಾಗ ಐತೇನ್ರಿ, ಇಲ್ಲಾ ನೋಡಾವನ ಮನಸಿನ್ಯಾಗೋ?"

"ನೀನು ಉತ್ತರಾ ಬರದಿದ್ದೆಲ್ಲಪಾ. ಛಲೋ ಬರದಿದ್ದಿ."

"ಅದು ಮಾರ್ಕ್ಸಿಗೆ ಬರದದ್ದು ರಿ."

ಅವರು ಕತ್ತರಿ ಕೆಳಗಿಟ್ಟರು. "ನೋಡು. ಮನಸಿನ್ಯಾಗ ಅದ ಅಂತ ನಾ ಹೇಳಿದೆ ಅಂತ ತಿಳಿ. ಹೋಗಿ ಡಾಕ್ಟರಿಗೆ ಹೇಳತೀಯೇನು, ನಿಮ್ಮ ಕೆಂಪು ನಿಮ್ಮ ಮನಸಿನ್ಯಾಗ ಅದ, ನನ್ನ ಪಾಸ್ ಮಾಡ್ರಿ ಅಂತ? ವಸ್ತುವಿನ್ಯಾಗ ಅದ ಅಂತ ಹೇಳಿದೆ ಅಂತ ತಿಳಿ. ಅದು ನಿನಗ ಕಾಣ್ತದೇನು? ಎರಡರಾಗ ಯಾವ ಉತ್ತರಾ ತಗೊಂಡರೂ ನಿನ್ನ ನೌಕರಿ ಅಲ್ಲೇ ನಿಂತದ."

"ಮತ್ತ ನೀವು ಇಷ್ಟು ವರ್ಷ ಇದನ್ನ ಯಾಕ ಕಲಿಸಿದ್ರಿ ಸರ್?"

ಸಿಟ್ಟಿನಿಂದ ಕೇಳಿದ್ದೆ. ಸರ್ ಸಿಟ್ಟಾಗಲಿಲ್ಲ. "ಇಂಥಾ ವ್ಯಾಳ್ಯಾದಾಗ ಯಾರರೆ ಬಂದು ಕೇಳಲಿ ಅಂತ," ಎಂದರು. "ಇಷ್ಟು ದಿನಾ ಒಬ್ಬರೂ ಬಂದಿದ್ದಿಲ್ಲ."

ನನಗೆ ಅದರಿಂದ ಸಮಾಧಾನ ಆಗಲಿಲ್ಲ. ಚಹಾ ಕುಡಿದು ಎದ್ದೆ.

ಖೋಲಿಯಲ್ಲಿ ಗೆಳೆಯ ಅಷ್ಟರಲ್ಲಿ ದಾರಿ ಹುಡುಕಿದ್ದ. ಅದು ನಮ್ಮ ಸಪ್ತಾಪುರದ ದಾರಿಯೇ. "ಚುಕ್ಕಿ ಪುಸ್ತಕ ಅಂದ್ರ ಏನು? ಕ್ವೆಶ್ಚನ್ ಪೇಪರ್. ಕೀ ಆನ್ಸರ್ ನಮ್ಮ ಕಡೆ ಐತಿ. ಪಾಠ ಮಾಡು."

"ನಂಬರ್ ಕಾಣೂದಿಲ್ಲಂದ್ರ ಯಾವ ಚಿತ್ರ ಅಂತ ಹೆಂಗ ಗೊತ್ತಾಗಬೇಕು?"

"ಅಂಚು ನೋಡು. ಚುಕ್ಕಿ ಎಲ್ಲಾ ಒಂದೊಂದರಾಗ ಬ್ಯಾರೆ ಬ್ಯಾರೆ ಅದಾವು."

ಹೌದು, ಇದ್ದವು. ಒಂದರ ಎಡ ಅಂಚಿನಲ್ಲಿ ಮೂರು ಸಣ್ಣ ಚುಕ್ಕಿ ಒತ್ತಿಕೊಂಡು ಕೂತಿದ್ದವು. ಇನ್ನೊಂದರ ತಳದಲ್ಲಿ ದೊಡ್ಡ ಚುಕ್ಕಿಯೊಂದು ಹೊರಗೆ ಬಿದ್ದಂತಿತ್ತು. ಬಣ್ಣ ತಿಳಿಯದವನಿಗೆ ಆಕಾರ ಚೆನ್ನಾಗಿ ತಿಳಿಯುತ್ತದೆ. ಮೂರು ಚುಕ್ಕಿ ಕಂಡರೆ ಎಪ್ಪತ್ನಾಲ್ಕು, ತಳದ ದೊಡ್ಡ ಚುಕ್ಕಿ ಕಂಡರೆ ಆರು. ತತ್ವಶಾಸ್ತ್ರದ ಕ್ಲಾಸಿನಲ್ಲಿ ಕಲಿತದ್ದೂ ಇದೇ ಆಗಿತ್ತು. ಕಣ್ಣಾರೆ ಕಂಡದ್ದು ಪ್ರತ್ಯಕ್ಷ. ಗುಡ್ಡದ ಮೇಲೆ ಹೊಗೆ ಕಂಡು ಅಲ್ಲಿ ಬೆಂಕಿ ಇದೆ ಎಂದು ಗುರುತಿನಿಂದ ತಿಳಿಯುವುದು ಅನುಮಾನ. ನಂಬಿಕಸ್ತರು ಹೇಳಿದ್ದರಿಂದ ತಿಳಿಯುವುದು ಶಬ್ದ. ಮೂರೂ ಜ್ಞಾನವೇ ಎಂದು ನಮ್ಮ ಹಿರಿಯರು ಒಪ್ಪಿದ್ದಾರೆ. ಅಂಚಿನ ಚುಕ್ಕಿ ನನ್ನ ಹೊಗೆ, ಸಂಖ್ಯೆ ನನ್ನ ಬೆಂಕಿ. ಅಲ್ಲಿ ಎಪ್ಪತ್ನಾಲ್ಕು ಇದೆ ಎಂದು ನನಗೆ ನಿಜವಾಗಿಯೂ ಗೊತ್ತಿತ್ತು. ಗೊತ್ತಿದ್ದದ್ದನ್ನು ಹೇಳಿದರೆ ಸುಳ್ಳು ಹೇಗಾಗುತ್ತದೆ?

ಆ ಐದರ ಚಿತ್ರಕ್ಕೂ ಉತ್ತರ ಪಾಠ ಮಾಡಿಕೊಂಡೆ. ಬಲ ಅಂಚಿನಲ್ಲಿ ಎರಡು ದೊಡ್ಡ ಚುಕ್ಕಿಯ ನಡುವೆ ಒಂದು ಸಣ್ಣದು. ಉತ್ತರ: ಏನೂ ಇಲ್ಲ.

ಗೆಳೆಯ ಊಟಕ್ಕೆ ಕೂತಾಗ, ದಾರಿಯಲ್ಲಿ ನಡೆಯುವಾಗ ಥಟ್ಟನೆ ಮೊಬೈಲ್ ಹಿಡಿಯುತ್ತಿದ್ದ, ನಾನು ಹೇಳುತ್ತಿದ್ದೆ. ಒಂದೂ ತಪ್ಪುತ್ತಿರಲಿಲ್ಲ. ಪಕ್ಕದ ಖೋಲಿಯವರು ತಮಾಷೆ ನೋಡಲು ಬಂದು ಕೂರುತ್ತಿದ್ದರು. "ಇಂವಾ ನಮಗಿಂತ ಲಗೂ ಹೇಳತಾನಲೇ," ಎಂದು ಒಬ್ಬ ಅಂದದ್ದು ಕೇಳಿ ಹೆಮ್ಮೆ ಪಟ್ಟಿದ್ದೇನೆ.

ತಪಾಸಣೆಗೆ ಸ್ವಲ್ಪ ಮುಂಚೆ ಒಂದು ಸಂಜೆ ಧಾರವಾಡ ಸ್ಟೇಷನ್ನಿಗೆ ಹೋದೆವು. ಹೋಗೋಣ ಎಂದದ್ದು ನಾನೇ. ಪ್ಲಾಟ್‌ಫಾರ್ಮಿನ ಒಂದು ತುದಿಯ ಬೆಂಚಿನ ಮೇಲೆ ಕೂತೆವು. ಹುಬ್ಬಳ್ಳಿಗೆ ಹೋಗುವ ಪ್ಯಾಸೆಂಜರ್ ಗಾಡಿ ನಿಂತಿತ್ತು. ಆಚೆ ತುದಿಯಾಚೆ, ಗಾಡಿಯ ಎಂಜಿನ್ನಿನ ಮುಂದೆ, ಸಿಗ್ನಲ್ ಕಂಬ. ಹೊತ್ತು ಮುಳುಗಿ ಕಂಬ ಕಾಣದಂತಾಗಿತ್ತು. ಒಂದು ದೀಪ ಮಾತ್ರ ಕಾಣುತ್ತಿತ್ತು. ಕಂಬ ಕಂಡಿದ್ದರೆ ದೀಪ ಮೇಲಿದೆಯೋ ಕೆಳಗಿದೆಯೋ ನೋಡಿ ಹೇಳಿಬಿಡುತ್ತಿದ್ದೆ.

"ಹೇಳ," ಎಂದ ಗೆಳೆಯ.

ಬಹಳ ಹೊತ್ತು ನೋಡಿದೆ. "ಕೆಂಪು. ಗಾಡಿ ಹೊಂಡೂದಿಲ್ಲ."

ಅವನು ದೀಪವನ್ನು ನೋಡಿದ, ನನ್ನನ್ನು ನೋಡಿದ.

"ಕೆಂಪಲ್ಲೇನು?"

"ನೋಡ ಇನ್ನೊಮ್ಮೆ."

"ಕೆಂಪಲೇ. ಕೆಂಪು ಐತಿ ಅಂತ ನಾ ಹೇಳಾಕತ್ತೇನಿ."

"ಹಳದಿ," ಎಂದ ಅವನು. "ಹಳದಿ ಆದ್ರ ಹೊಂಡತೈತಿ."

ಅವನ ಮಾತನ್ನು ನಂಬಲು ಮನಸ್ಸು ಒಪ್ಪಲಿಲ್ಲ. ಇಷ್ಟು ದಿನ ಚುಕ್ಕಿಗಳ ಮಟ್ಟಿಗೆ ಅವನನ್ನು ನಂಬಿದ್ದೆ, ಆದರೆ ಆ ದೀಪ ನನ್ನ ಕಣ್ಣೆದುರು ಉರಿಯುತ್ತಿತ್ತು. ಅವನಿಗೂ ತಪ್ಪಿರಬಹುದಲ್ಲ ಎಂದುಕೊಂಡೆ. ಇಬ್ಬರೂ ಗಾಡಿಯನ್ನೇ ನೋಡುತ್ತಾ ಕೂತೆವು. ಕಡಲೆ ಮಾರುವವನು ಹಾದುಹೋದ. ಗಾಡಿ ನಿಂತೇ ಇತ್ತು, ನನ್ನ ಮಾತು ನಿಜವಾಗುತ್ತಿದೆ ಎನಿಸಿ ಎದೆ ಹಗುರಾಗತೊಡಗಿತು. ಅಷ್ಟರಲ್ಲಿ ಕೂಗು ಹಾಕಿ, ನಮ್ಮಿಬ್ಬರಲ್ಲಿ ಯಾರ ಮನಸ್ಸನ್ನೂ ಕೇಳದೆ, ಗಾಡಿ ಹೊರಟುಬಿಟ್ಟಿತು. ನಮ್ಮ ಎದುರಿಗೇ ನಿಂತಿದ್ದ ಕೊನೆಯ ಡಬ್ಬಿಯೂ ಸರಿಯಿತು. ಗಾರ್ಡ್ ಬಾಗಿಲಲ್ಲಿ ನಿಂತು ಕೈದೀಪ ಆಡಿಸುತ್ತಿದ್ದ.

"ಅದು ಯಾವ ಬಣ್ಣ ಅಂತ ಕೇಳಬ್ಯಾಡ," ಎಂದೆ.

"ಕೇಳೂದಿಲ್ಲ." ಸ್ವಲ್ಪ ಹೊತ್ತಿನ ಮೇಲೆ ಅವನೇ ಅಂದ: "ಡ್ರೈವರ್ ಮುಂದ ಇರ್ತಾನ. ಸಿಗ್ನಲ್ ನೋಡಾಂವ ಅಂವ. ನೀ ಹಿಂದ ಕುಂಡ್ರಾಂವ."

"ಹಿಂದ ಕುಂತಾವನ ದೀಪ ನೋಡಿ ಅಂವ ಹೊಂಡತಾನಲೇ."

"ಹಂಗಂದ್ರ ಏನು, ಹೋಗೂದಿಲ್ಲೇನು ಮೆಡಿಕಲ್ಲಿಗೆ? ಅವ್ವಗ ಏನ ಹೇಳತಿ?"

ಬಿ.ಎ. ಮುಗಿದ ಮೇಲೆ ಬರೆದ ಪರೀಕ್ಷೆಗಳಲ್ಲಿ ಕೈಗೆ ಹತ್ತಿದ್ದು ಇದೊಂದೇ. ಓದಿಸಿ ಏನಾಯಿತು ಎಂದು ಅವ್ವನನ್ನು ಹಿಂದಿನಿಂದ ಆಡಿಕೊಳ್ಳುತ್ತಿದ್ದವರ ಬಾಯಿ ಈಗಷ್ಟೇ ಮುಚ್ಚಿತ್ತು. ಹೋಗುತ್ತೇನೆ ಎಂದೆ. ಕೈದೀಪಕ್ಕೆ ಮುಂದೆ ಏನಾದರೂ ಗುರುತು ಮಾಡಿಕೊಂಡರಾಯಿತು, ಬಣ್ಣ ಬದಲಿಸಲು ತಿರುವುವ ಗುಂಡಿಯ ಮೇಲೆ ಉಗುರಿನಿಂದ ಗೀರಿ. ಹಾಗೆ ಯೋಚಿಸುತ್ತಿದ್ದೆ ಎಂಬುದು ಸತ್ಯ.

ತಪಾಸಣೆ ಹುಬ್ಬಳ್ಳಿಯ ಒಂದು ದೊಡ್ಡ ದವಾಖಾನೆಯಲ್ಲಿತ್ತು. ಬರಬೇಡ ಎಂದರೂ ಅವ್ವ ಗರಗದಿಂದ ಬುತ್ತಿ ಕಟ್ಟಿಕೊಂಡು ಬಂದಿದ್ದಳು. "ಹಸರ ಸೀರಿ ಉಟಕೊಂಡ ಬರತೇನಿ, ಗದ್ದಲದಾಗ ಲಗೂ ಗುರತ ಸಿಗತೇನಿ," ಎಂದು ಹಿಂದಿನ ದಿನ ಫೋನಿನಲ್ಲಿ ಹೇಳಿದ್ದಳು. ನಾನು ಅವಳನ್ನು ನಡಿಗೆಯಿಂದ ಗುರುತು ಹಿಡಿದೆ. ಗೇಟಿನ ಒಳಗಿನ ಗಿಡದ ಕಟ್ಟೆಯ ಮೇಲೆ ಅವಳನ್ನು ಕೂರಿಸಿ ಒಳಗೆ ಹೋದೆ.

ಎತ್ತರ, ತೂಕ, ರಕ್ತ, ಎಲ್ಲ ಆಯಿತು. ದೂರದ ಅಕ್ಷರಗಳನ್ನು ಕೊನೆಯ ಸಾಲಿನ ತನಕ ಓದಿದೆ. ಆಮೇಲೆ ಕಣ್ಣಿನ ಡಾಕ್ಟರ್ ಮೇಡಂ ಚುಕ್ಕಿ ಪುಸ್ತಕ ತೆರೆದರು. ಕಿಟಕಿಗೆ ಬೆನ್ನು ಹಾಕಿ ನನ್ನನ್ನು ಕೂರಿಸಿ ಪುಸ್ತಕವನ್ನು ತೋಳಿನಷ್ಟು ದೂರ ಹಿಡಿದರು. "ಥಟ್ಟನೆ ಹೇಳ್ಬೇಕು ನೋಡ್ರಿ. ವಿಚಾರ ಮಾಡಬಾರ್ದು."

ಮೊದಲನೆಯದು ಎಲ್ಲರಿಗೂ ಕಾಣುವಂಥದ್ದು, ಹೇಳಿದೆ. ಆಮೇಲೆ ಅವರು ಕ್ರಮ ತಪ್ಪಿಸಿ ನಡುವಿನ ಪುಟ ತೆಗೆದರು. ಅಂಚು ನೋಡಿದೆ. ಮೊಬೈಲಿನಲ್ಲಿದ್ದಂತೆಯೇ ಇತ್ತು, ತಳದಲ್ಲಿ ದೊಡ್ಡ ಚುಕ್ಕಿ.

"ಆರು."

ಇನ್ನೊಂದು.

"ಎಪ್ಪತ್ನಾಕು."

ದನಿ ಗಟ್ಟಿಯಾಗಿತ್ತು. ಪುಟ ತಿರುವಿದಂತೆ ಉತ್ತರ ಬರುತ್ತಿತ್ತು. ಮೇಡಂ ನನ್ನ ಮುಖ ನೋಡುವುದನ್ನು ಬಿಟ್ಟು ಗುರುತು ಹಾಕಿಕೊಳ್ಳುತ್ತಾ ಹೋದರು. ನೌಕರಿ ಆಯಿತು ಎಂದುಕೊಂಡೆ. ಇನ್ನೊಂದು ಪುಟ ತಿರುವಿದರು.

ಅದೇ ಚಿತ್ರ. ಬಲ ಅಂಚಿನಲ್ಲಿ ಎರಡು ದೊಡ್ಡ ಚುಕ್ಕಿಯ ನಡುವೆ ಒಂದು ಸಣ್ಣದು, ಉತ್ತರ ಏನೂ ಇಲ್ಲ. ಅಂಚು ನೋಡುವ ಅಗತ್ಯವೇ ಇರಲಿಲ್ಲ. ಐದು ನಡುವೆ ನಿಂತಿತ್ತು. ಇಡೀ ಪುಸ್ತಕದಲ್ಲಿ ನನಗೆ ತಾನಾಗಿ ಕಂಡದ್ದು ಮೊದಲಿನದನ್ನೂ, ಎಪ್ಪತ್ನಾಲ್ಕಿದ್ದಲ್ಲಿ ತಪ್ಪಾಗಿ ಕಂಡ ಇಪ್ಪತ್ತೊಂದನ್ನೂ ಬಿಟ್ಟರೆ ಅದೊಂದೇ.

ಏನಿಲ್ಲ ರಿ ಎನ್ನಬೇಕಿತ್ತು. ಎರಡು ಶಬ್ದ. ಬಾಯಿ ತೆರೆದೆ. ಇಷ್ಟು ಹೊತ್ತು ಕಾಣದ್ದನ್ನು ಹೇಳಿದ್ದೆ, ಅದು ನನ್ನನ್ನು ಚುಚ್ಚಿರಲಿಲ್ಲ. ಅವು ಅಲ್ಲಿವೆ ಎಂಬುದಕ್ಕೆ ಗೆಳೆಯ, ಕಾಕು, ಪಕ್ಕದ ಖೋಲಿಯವರು ಎಲ್ಲರೂ ಸಾಕ್ಷಿ ಇದ್ದರು. ಜಗತ್ತು ನನಗಿಂತ ದೊಡ್ಡದು, ನನಗೆ ಕಾಣದ್ದು ಅದರಲ್ಲಿ ಬಹಳ ಇದೆ ಎಂದು ಒಪ್ಪಿಕೊಳ್ಳಲು ಕಷ್ಟವಿಲ್ಲ. ಈಗ ಕಾಣುತ್ತಿರುವುದನ್ನೇ ಇಲ್ಲ ಎನ್ನಬೇಕಾಗಿತ್ತು. ಇದನ್ನು ಇಲ್ಲ ಎಂದರೆ ಮತ್ತೆ ಯಾವುದನ್ನು ಇದೆ ಎಂದು ಹೇಳಲಿ? ಎಪ್ಪತ್ನಾಲ್ಕರಂತೆ ಇದು ಯಾರೋ ಹೇಳಿಕೊಟ್ಟದ್ದಲ್ಲ. ನನ್ನ ಕಡೆಯಿಂದ ಸಾಕ್ಷಿ ಹೇಳಲು ನನ್ನನ್ನು ಬಿಟ್ಟು ಬೇರೆ ಯಾರೂ ಇರಲಿಲ್ಲ.

"ಹೇಳ್ರಿ."

"ಐದು ರಿ."

ಮೇಡಂ ತಲೆ ಎತ್ತಿದರು. ಚಷ್ಮಾ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಇನ್ನೊಮ್ಮೆ ನೋಡ್ರಿ. ಅವಸರ ಮಾಡಬ್ಯಾಡ್ರಿ."

ಅವರು ದಾರಿ ಬಿಟ್ಟುಕೊಡುತ್ತಿದ್ದರು ಎಂದು ಈಗ ಅನಿಸುತ್ತದೆ, ಆಗ ಗೊತ್ತಾಗಲಿಲ್ಲ. ಮತ್ತೆ ನೋಡಿದೆ. ಅದು ಎಲ್ಲಿಯೂ ಹೋಗಿರಲಿಲ್ಲ.

"ಐದು ಐತ್ರಿ ಮೇಡಂ."

ಅವರು ಹಿಂದಿನ ಪುಟಕ್ಕೆ ಹೋದರು. ಆರು ಎಂದಿದ್ದೆನಲ್ಲ, ಅದು. ಅಂಗೈಗಳಿಂದ ಅದರ ಅಂಚನ್ನು ಸುತ್ತಲೂ ಮುಚ್ಚಿದರು. "ಈಗ ಹೇಳ್ರಿ."

ಅವರ ಬೆರಳುಗಳ ನಡುವೆ ಅಂಚು ಹುಡುಕಿದೆ.

"ಈಗರೆ ಆರು ಇತ್ತಲ್ಲ. ಅಂಚು ಮುಚ್ಚಿದ್ರ ಎಲ್ಲಿ ಹೋತು?"

"ಇರಬೇಕ್ರಿ ಅಲ್ಲೇ. ನನಗ ಕಾಣೂದಿಲ್ಲ."

"ಪಾಠ ಮಾಡಿಕೊಂಡು ಬಂದೀರಿ."

"ಹೌದ್ರಿ."

"ಹಂಗಾದ್ರ ಆ ಇನ್ನೊಂದರದ್ದೂ ಉತ್ತರ ಗೊತ್ತಿರಬೇಕಲ್ಲ."

"ಗೊತ್ತಿತ್ತು ರಿ. ಆದ್ರ ಅದು ಕಾಣಸತೈತಲ್ರಿ."

ಮೇಡಂ ಪುಸ್ತಕ ಮುಚ್ಚಿದರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಬರೆಯುವುದನ್ನು ಬರೆದರು. "ಇದು ಜಡ್ಡಲ್ಲ, ಔಷಧನೂ ಇಲ್ಲ. ಹುಟ್ಟಿನಿಂದ ಬಂದದ್ದು. ಬಣ್ಣ ಬೇಡದ ನೌಕರಿ ಬಹಳ ಅದಾವ, ಬರೀತಾ ಇರ್ರಿ," ಎಂದರು. ಬರೆದೆ, ಮುಂದೆ ಒಂದು ಸಿಕ್ಕಿತು, ಇವತ್ತು ಅದರಲ್ಲೇ ಇದ್ದೇನೆ. ಆದರೆ ಆ ಹೊತ್ತಿಗೆ ಆ ಮಾತು ನನ್ನ ಕಿವಿಗೇ ಹೋಗಲಿಲ್ಲ. ಗಾರ್ಡ್ ನೌಕರಿಗೆ ಅನರ್ಹ ಎಂಬುದಷ್ಟೇ ಕೇಳಿಸಿತ್ತು.

ಹೊರಗೆ ಅವ್ವ ಕಟ್ಟೆಯಿಂದ ಎದ್ದು ನಿಂತಳು. ನನ್ನ ಮುಖ ನೋಡಿಯೇ ಅರ್ಧ ತಿಳಿದಿತ್ತು.

"ಏನಂದ್ರು?"

"ಆಗಲಿಲ್ಲ ಅವ್ವ. ನನಗ ಕೆಂಪು ಹಸರು ತಿಳಿಯೂದಿಲ್ಲಂತ."

"ಯಾರು ಹೇಳಿದ್ರು?"

"ಡಾಕ್ಟರ್ ಮೇಡಂ."

"ಹೆತ್ತಾಕಿ ನಾ ಇದ್ದೇನಿ, ಅಕಿಗೇನ ಗೊತ್ತು?" ಸೆರಗು ಸಿಕ್ಕಿಸಿಕೊಂಡು ನನ್ನ ತೋಳು ಹಿಡಿದಳು. "ಆ ಗಿಡ ಯಾವ ಬಣ್ಣ?"

"ಹಸರು."

"ಆ ಆಂಬುಲೆನ್ಸ್ ಮ್ಯಾಲಿನ ದೀಪಾ?"

"ಕೆಂಪು."

"ನನ್ನ ಸೀರಿ?"

"ಹಸರು."

"ಮತ್ತ? ಎಲ್ಲಾ ಬರೋಬ್ಬರಿ ಹೇಳಾಕತ್ತೀ. ನಡಿ ಒಳಗ, ನಾ ಮಾತಾಡತೇನಿ ಅಕಿ ಕೂಡ."

"ನಿನ್ನ ಸೀರಿ ಹಸರು ಅಂತ ನೀನ ನಿನ್ನೆ ಫೋನಿನ್ಯಾಗ ಹೇಳಿದ್ದಿ ಅವ್ವ."

"ನಾ ಹೇಳಿದ್ದ ಬಿಡು. ನೀ ನೋಡಿ ಹೇಳು."

"ನೋಡಿದ್ರ ತಿಳಿಯೂದಿಲ್ಲ."

ಅವಳು ಕೇಳಲಿಲ್ಲ. ನನ್ನನ್ನು ಎಳೆದುಕೊಂಡು ಬಾಗಿಲ ಕಡೆ ನಡೆದೇಬಿಟ್ಟಳು. ಮೆಟ್ಟಿಲ ಮೇಲೆ ಕೂತಿದ್ದವರು ನಮ್ಮನ್ನು ನೋಡುತ್ತಿದ್ದರು. ಮೇಡಂ ಎದುರಿಗೆ ನಿಂತು ಅವ್ವ ನನ್ನ ಪರವಾಗಿ ಜಗಳ ತೆಗೆಯುವುದು, ನಾನು ಪಾಠ ಮಾಡಿ ಹೇಳಿದ ಸುದ್ದಿ ಅವಳ ಕಿವಿಗೆ ಅಲ್ಲಿ ಬೀಳುವುದು, ಇದನ್ನು ನೆನೆದು ನನ್ನ ಕಾಲು ನಿಂತಿತು. ಬಾಯಿಂದ ಹೇಳಿದರೆ ಅವಳು ನಂಬುವುದಿಲ್ಲ. ಸುತ್ತ ನೋಡಿದೆ. ಗೋಡೆಯ ಪಕ್ಕದ ನಳದ ಕೆಳಗೆ ಎರಡು ಪ್ಲಾಸ್ಟಿಕ್ ಕೊಡ ಪಾಳಿಗೆ ಇಟ್ಟಿದ್ದವು.

"ಅವ್ವ, ಆ ಎರಡು ಕೊಡಾ ನೋಡು. ಅವು ಯಾವ ಬಣ್ಣ ಅದಾವು?"

"ಒಂದು ಕೆಂಪು, ಒಂದು ಹಸರು. ಯಾಕ?"

"ನನಗ ಎರಡೂ ಒಂದ."

"ಒಂದ ಅಂದ್ರ?"

"ಒಂದ ಅಂದ್ರ ಒಂದ. ಒಂದ ಅಂಗಡ್ಯಾಗ ತಂದ ಜೋಡಿ ಕೊಡಾ ಇದ್ದಂಗ."

ನನ್ನ ತೋಳಿನ ಮೇಲಿನ ಹಿಡಿತ ಸಡಿಲಾಯಿತು. ಅವ್ವ ಕೊಡಗಳನ್ನು ನೋಡಿದಳು, ನನ್ನ ಕಣ್ಣನ್ನು ನೋಡಿದಳು, ಮತ್ತೆ ಕೊಡಗಳನ್ನು. ಒಬ್ಬ ಹೆಣ್ಣುಮಗಳು ಬಂದು ಒಂದನ್ನು ತುಂಬಿ ಸೊಂಟದ ಮೇಲೆ ಇಟ್ಟುಕೊಂಡು ಹೊರಟಳು.

"ಈಗ ಒಯ್ದದ್ದು ಯಾವದು?" ಅವ್ವನ ದನಿ ಇಳಿದಿತ್ತು.

"ಗೊತ್ತಿಲ್ಲ."

ಅವಳು ಮೆಟ್ಟಿಲ ಕಡೆ ತಿರುಗಲಿಲ್ಲ. ಕಟ್ಟೆಗೆ ವಾಪಸು ಬಂದು ಕೂತಳು, ನಾನೂ ಕೂತೆ. ಓಣಿಯವರಿಗೆ ಏನು ಹೇಳುವುದೆಂದು ಯೋಚಿಸುತ್ತಿದ್ದಾಳೆ ಎಂದುಕೊಂಡಿದ್ದೆ. ಅವಳು ಕೇಳಿದ್ದು ಬೇರೆ.

"ಮತ್ತ ನಿನಗ ಅವು ಹೆಂಗ ಕಾಣಸ್ತಾವು?"

ಇದನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಗೆಳೆಯ ಉತ್ತರ ಕೇಳಿದ್ದ, ಮೇಡಂ ಸಂಖ್ಯೆ ಕೇಳಿದ್ದರು. ಹೇಳಬೇಕೆಂದು ನಿಜವಾಗಿಯೂ ಪ್ರಯತ್ನಿಸಿದೆ. ಉಳಿದಿದ್ದ ಕೊಡವನ್ನೇ ದಿಟ್ಟಿಸಿದೆ. ಒಣಗಿದ ಎಲೆಯಂತೆ ಎನ್ನೋಣವೆಂದರೆ ಅವಳ ಒಣಗಿದ ಎಲೆ ಯಾವುದೋ. ಮಣ್ಣಿನಂತೆ ಎಂದರೆ ಅವಳ ಮಣ್ಣು ಕೆಂಪೋ ಕಪ್ಪೋ. ನನ್ನ ಬಾಯಲ್ಲಿದ್ದ ಬಣ್ಣದ ಮಾತುಗಳೆಲ್ಲ ಅವಳಿಂದಲೇ ಕಲಿತವು. ಅವಳಿಗೆ ಕಂಡದ್ದಕ್ಕೆ ಅವು ಹೊಂದುತ್ತಿದ್ದವು, ನನಗೆ ಕಂಡದ್ದಕ್ಕೆ ಒಂದೂ ಇರಲಿಲ್ಲ.

"ಹೆಂಗಂತ ಹೇಳ್ಲಿ ಅವ್ವ. ಹೇಳಾಕ ಬರವಲ್ದು."

ಅವಳು ಒತ್ತಾಯ ಮಾಡಲಿಲ್ಲ. ಬುತ್ತಿಯ ಗಂಟು ಬಿಚ್ಚಿದಳು. ರೊಟ್ಟಿಯ ಮೇಲೆ ಒಂದೊಂದಾಗಿ ಹಾಕುತ್ತಾ ಹೇಳತೊಡಗಿದಳು.

"ಇದು ಶೇಂಗಾ ಹಿಂಡಿ. ಇದು ಮೆಂತೆ ಪಲ್ಯ. ಇದು ಗುರೆಳ್ಳು."

"ಗೊತ್ತೈತಿ ಅವ್ವ."

"ಗೊತ್ತಿದ್ರ ಇರಲಿ," ಎಂದಳು. "ನಾ ಹೇಳತೇನಿ, ನೀ ತಿನ್ನು."